ಸೊನ್ನೆ ಕಿಲೋಮೀಟರಿನ ಮೂರು ದಿನ

ನಾನು ಚಿಕ್ಕವನಿದ್ದಾಗ ಕಳೆಯುವ ಲೆಕ್ಕ ಕಲಿತದ್ದು ಒಂದು ಹಳೇ ಕಾರಿನಿಂದ. ಕಾರು ನಮ್ಮದಲ್ಲ, ಹೋಟೆಲಿನ ಧಣಿಗಳದು. ಅಪ್ಪ ಅದರ ಡ್ರೈವರು. ಸಂಜೆ ಕೆಲಸ ಮುಗಿದ ಮೇಲೆ ಅದು ಕಲ್ಯಾಣದ ನಮ್ಮ ಚಾಳಿನ ಎದುರೇ ನಿಲ್ಲುತ್ತಿತ್ತು.

ಅಮ್ಮ ತೀರಿಕೊಂಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಅಕ್ಕನೂ ಮದುವೆಯಾಗಿ ಉಡುಪಿಗೆ ಹೊರಟುಹೋದಳು. ಶಾಲೆ ಬಿಟ್ಟು ಬಂದು, ಕೊರಳಲ್ಲಿ ನೇತಾಡುವ ಕೀಲಿಯಿಂದ ಬೀಗ ತೆಗೆದರೆ ಒಳಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಒಣಮೀನು ಹುರಿಯುವ ವಾಸನೆ, ಯಾರದೋ ಮನೆಯ ನಗು. ಅಪ್ಪ ಬಂದರೂ ತುಟಿ ಪಿಟಕ್ಕೆನ್ನದ ಮನುಷ್ಯ.

ಅವನು ಎಲ್ಲಿಗೆ ಹೋಗಿದ್ದನೆಂದು ನನಗೆ ಹೇಳುತ್ತಿದ್ದದ್ದು ಕಾರಿನ ಮೀಟರು. ವೇಗದ ಮುಳ್ಳಿನ ಕೆಳಗೆ, ಕಾರು ಓಡಿದ ಕಿಲೋಮೀಟರ್ ತೋರಿಸುವ ಅಂಕಿಗಳಿದ್ದವು. ಬೆಳಿಗ್ಗೆ ಅದನ್ನು ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಬರೆದಿಡುತ್ತಿದ್ದೆ. ಸಂಜೆ ಕಾರಿನ ಕಿಟಕಿಗೆ ಮೂಗು ಒತ್ತಿ ಹೊಸ ಅಂಕಿ ಓದಿ, ಕಳೆಯುತ್ತಿದ್ದೆ. ಹೋಗಿ ಬರುವ ದಾರಿ ಸೇರಿ ಹದಿನೈದು ಬಂದರೆ ಡೊಂಬಿವಲಿ, ಐವತ್ತಾದರೆ ಠಾಣೆ, ಅರವತ್ತು ದಾಟಿದರೆ ತುರ್ಭೆಯ ಕಾರ್ಖಾನೆ ಕ್ಯಾಂಟೀನು. ಆಗ ನಾನೂ ಅಪ್ಪನ ಜೊತೆ ಹೋಗಿ ಬಂದಂತೆ ಅನ್ನಿಸುತ್ತಿತ್ತು.

ಒಂದು ಗುರುವಾರ ಸಂಜೆ ಅಂಕಿ ಕಳೆದು ನೋಡಿದರೆ ಸೊನ್ನೆ ಬಂತು. ಶುಕ್ರವಾರವೂ ಸೊನ್ನೆ, ಶನಿವಾರವೂ ಸೊನ್ನೆ. ಕಾರು ಎಲ್ಲಿಗೂ ಹೋಗಿಲ್ಲ! ಹಾಗಾದರೆ ಅಪ್ಪ ದಿನವಿಡೀ ಇಲ್ಲೇ ಎಲ್ಲೋ ಇದ್ದ, ನಾನೊಬ್ಬನೇ ಇರುತ್ತೇನೆಂದು ಗೊತ್ತಿದ್ದೂ ಮನೆಗೆ ಬರಲಿಲ್ಲ. ಅವನಿಗೆ ನಾನು ಬೇಡವಾದೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಪ್ಪ ಬಡಿಸಿದ ಗಂಜಿಯನ್ನು ನಾನು ಪಕ್ಕಕ್ಕೆ ತಳ್ಳಿದೆ.

"ಎಂತ ಆಯ್ತು ಮಗಾ?"

"ನೀನು ಮೂರು ದಿನ ಎಲ್ಲಿಗೂ ಹೋಗ್ಲಿಲ್ಲ. ಮತ್ತೆ ಮನೆಗೆ ಯಾಕೆ ಬರ್ಲಿಲ್ಲ?" ಅಷ್ಟು ಹೇಳುವಾಗಲೇ ಅಳು ಬಂತು.

ಅಪ್ಪ ಕಕ್ಕಾಬಿಕ್ಕಿಯಾದ. ನಾನು ಬಾಗಿಲು ಮುಚ್ಚಿ, ಅದರ ಹಿಂದೆ ತಿಂಗಳುಗಟ್ಟಲೆ ಬರೆದಿದ್ದ ಅಂಕಿಗಳನ್ನು ತೋರಿಸಿದೆ. ಅವನು ಬದಲಾಗದೆ ಉಳಿದ ಕೊನೆಯ ಅಂಕಿಗಳ ಮೇಲೆ ಬೆರಳಿಟ್ಟ. ಆಮೇಲೆ ನನ್ನ ಕೈ ಹಿಡಿದು ಕಾರಿನ ಹತ್ತಿರ ಕರೆದೊಯ್ದ.

ಹಿಂದಿನ ದಿನವೇ ತಂದಿದ್ದ, ಮೀಟರಿನ ಹೊಸ ಕೇಬಲ್ ಡಿಕ್ಕಿಯಲ್ಲಿತ್ತು. ಅಪ್ಪ ಕಾರಿನಡಿ ನುಸುಳಿ ಹಳೆಯದರ ಒಂದು ತುದಿಯನ್ನು ಗೇರ್ ಬಾಕ್ಸಿನಿಂದ ಬಿಚ್ಚಿದ, ಇನ್ನೊಂದನ್ನು ಮೀಟರಿನ ಹಿಂದಿನಿಂದ. ಕಪ್ಪು ಕೊಳವೆಯೊಳಗಿನ ತಂತಿ ಎರಡು ತುಂಡಾಗಿ ಹೊರಬಂತು.

"ಗಾಡಿ ಓಡಿದ್ರೆ ಈ ತಂತಿ ತಿರುಗ್ತದೆ, ಆಗ ಅಂಕಿ ತಿರುಗುದು. ಇದು ತುಂಡಾಗಿತ್ತು. ನಿನ್ನೆ ನಾನು ತುರ್ಭೆಗೆ ಹೋಗಿದ್ದೆ ಮಗಾ. ಮೊನ್ನೆ ಠಾಣೆ."

ಅಪ್ಪ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಹೊಸ ತಂತಿಗೆ ಇಬ್ಬರೂ ಸೇರಿ ಗ್ರೀಸ್ ಸವರಿದೆವು. ಮೀಟರಿನ ಕಡೆ ಸಿಕ್ಕಿಸಿದ ಮೇಲೆ ಅಪ್ಪ ಕೆಳಗಿನ ತುದಿಯನ್ನು ಬೆರಳಲ್ಲಿ ತಿರುಗಿಸುತ್ತ, "ಮುಳ್ಳು ಅಲುಗಿತಾ?" ಎಂದು ಕೂಗಿದ. "ಅಲುಗಿತು!" ಎಂದು ಒಳಗಿನಿಂದ ನಾನು ಕಿರುಚಿದೆ. ಮರುದಿನದಿಂದ ಅಪ್ಪ ಚಪ್ಪಲಿ ಬಿಡುವ ಮೊದಲೇ "ಇವತ್ತು ಡೊಂಬಿವಲಿ" ಎಂದೋ "ಇವತ್ತು ಠಾಣೆ" ಎಂದೋ ಹೇಳುತ್ತಿದ್ದ. ನನಗೆ ಅಷ್ಟು ಸಾಕಿತ್ತು.

ಈಗ ಸೀವುಡ್ಸ್ ಬಡಾವಣೆಯ ಈ ಹದಿನಾಲ್ಕನೇ ಮಹಡಿಯಲ್ಲಿ ಮೊಮ್ಮಕ್ಕಳಾದ ನಿಮಗೆ ಸೀಮೆಸುಣ್ಣ ಬೇಡ, ಕಳೆಯುವ ಲೆಕ್ಕವೂ ಬೇಡ. ಮನೆಯವರೆಲ್ಲ ನಿಮ್ಮ ಫೋನಿನ ನಕ್ಷೆಯಲ್ಲಿ ಒಂದೊಂದು ಚುಕ್ಕೆ. ಮೊನ್ನೆ ನಾನು ಫೋನನ್ನು ಮಂಚದ ಮೇಲೆ ಮರೆತು ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯವರೆಗೆ ನಡೆದುಹೋದೆ. ಫ್ಲೆಮಿಂಗೊ ಹಕ್ಕಿಗಳು ಬಂದಿದ್ದವು, ಕೆಸರಿನ ತುಂಬ ಗುಲಾಬಿ ಬಣ್ಣ. ನಿಮ್ಮ ನಕ್ಷೆಯಲ್ಲಿ ನನ್ನ ಚುಕ್ಕೆ ಕದಲಿರಲಿಲ್ಲ. "ಅಜ್ಜ ಘರ್ ಪೇ ಹೀ ಥಾ", ಮನೆಯಲ್ಲೇ ಇದ್ದ, ಎಂದಿರಿ. ನನ್ನ ಚಪ್ಪಲಿಗೆ ಅಂಟಿದ್ದ ಕೆಸರನ್ನು ಯಾರೂ ನೋಡಲಿಲ್ಲ.

ನಾಳೆ ಶಾಲೆಯಿಂದ ಬಂದಾಗ ಒಂದು ಸಲ ನನ್ನನ್ನೇ ಕೇಳಿ ಮಕ್ಕಳೇ, "ಅಜ್ಜ, ಇವತ್ತು ಎಲ್ಲಿಗೆ ಹೋಗಿದ್ದೆ?" ಅಂತ.