ಸೀನನ ಮಸ್ಕತ್ ರಜೆ

ನನ್ನ ತಮ್ಮ ಸೀನ ಆರು ವರ್ಷ ಮಸ್ಕತ್‌ನಲ್ಲಿದ್ದ ಎಂದು ಮುಂಬಯಿ ಜೋಗೇಶ್ವರಿಯ ನಮ್ಮ ಸಾಲುಮನೆ ಚಾಳಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯಾಕೆಂದರೆ ಹಾಗೆ ಹೇಳಿಟ್ಟವಳು ನಾನು. ಅವನಿದ್ದದ್ದು ಇಲ್ಲೇ ಪಕ್ಕದ ಠಾಣೆ ಎಂಬ ಊರಿನ ಜೈಲಿನಲ್ಲಿ. ತಾಯಿಯಿಲ್ಲದ ಹತ್ತು ವರ್ಷದ ಹೆಣ್ಣು ಕೂಸನ್ನು ನನ್ನ ಮಡಿಲಿಗೆ ಹಾಕಿ ತಂದೆಯಾದವನು ಜೈಲಿಗೆ ಹೋದರೆ ಆ ಕೂಸು ಶಾಲೆಯಲ್ಲಿ ಏನೆಂದು ಹೇಳಬೇಕು, ನೀವೇ ಹೇಳಿ. ನಮ್ಮ ಉಡುಪಿ ಕಡೆಯವರಲ್ಲಿ ಗಂಡಸು ಮನೆಯಲ್ಲಿಲ್ಲ ಎಂದರೆ ಒಂದೇ ಅರ್ಥ, ಗಲ್ಫ್‌ನಲ್ಲಿದ್ದಾನೆ. ಊರಿನ ಹೆಸರು ಮಾತ್ರ ನಾನು ಸೇರಿಸಿದ್ದು.

ಸೀನ ಕೆಟ್ಟವನಲ್ಲ. ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಕುಡಿದು ಬಂದ ಗಿರಾಕಿಯೊಬ್ಬ ಸಪ್ಲಾಯರ್‌ನ ಮುಖಕ್ಕೆ ಬಿಸಿ ಸಾಂಬಾರ್ ಎರಚಿದ. ಸೀನ ಒಳಗಿನಿಂದ ಓಡಿ ಬಂದು ಅವನನ್ನು ಹೊರಗೆ ತಳ್ಳಿದ. ತಳ್ಳಿದ್ದು ಒಂದೇ ಸಲ. ಆ ಮನುಷ್ಯ ಮೆಟ್ಟಿಲ ಮೇಲೆ ಬಿದ್ದ, ತಲೆಗೆ ಪೆಟ್ಟಾಯಿತು, ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೂ ಮನೆ ಇತ್ತು, ಹೆಂಡತಿ ಇದ್ದಳು. ಅದನ್ನು ಸೀನ ಒಂದು ದಿನವೂ ಮರೆತಿಲ್ಲ. ಕೋರ್ಟಿನಲ್ಲಿ ಜಡ್ಜ್ ಕೇಳುವ ಮೊದಲೇ "ತಳ್ಳಿದ್ದು ನಾನೇ" ಎಂದುಬಿಟ್ಟ. ನಮ್ಮ ವಕೀಲರು ಹಣೆ ಚಚ್ಚಿಕೊಂಡರು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಗಲ್ಫ್‌ನವನ ಮನೆ ಎಂದ ಮೇಲೆ ವರ್ಷಕ್ಕೊಮ್ಮೆಯಾದರೂ ನೆರೆಕರೆಗೆ ಏನಾದರೂ ಹಂಚಬೇಡವೇ? ಕ್ರಾಫರ್ಡ್ ಮಾರ್ಕೆಟಿಗೆ ಹೋಗಿ ಖರ್ಜೂರ, ಸೆಂಟು, ತಲೆನೋವಿನ ಬಾಮು ತಂದು "ಸೀನ ಕಳಿಸಿದ್ದು" ಎಂದು ಮನೆ ಮನೆಗೆ ಕೊಟ್ಟೆ. ಪಕ್ಕದ ಮನೆಯ ಶಿವಕುಮಾರಿ ಒಮ್ಮೆ ಬಾಯಿ ಹಾಕಿದಳು. ನಲ್ಲಿಯ ನೀರಿಗಾಗಿ ನನ್ನೊಡನೆ ಜಗಳವಾಡಿಯೇ ಕೂದಲು ನರೆಸಿಕೊಂಡ ಹೆಂಗಸು ಅವಳು.

"ವಿನೋದಕ್ಕ, ಸೀನಣ್ಣ ವಿಡಿಯೋ ಕಾಲ್ ಮಾಡುದೇ ಇಲ್ವಾ?"

"ಅಲ್ಲಿ ವಾಟ್ಸಾಪ್ ಕಾಲ್ ಬಂದ್ ಮಾರಾಯ್ತಿ. ಸರ್ಕಾರದ್ದೇ ರೂಲು" ಎಂದೆ. ಅದು ನಿಜವೂ ಹೌದು. ಸುಳ್ಳು ಹೇಳುವವರಿಗೂ ದೇವರು ಅಷ್ಟಿಷ್ಟು ಸಹಾಯ ಮಾಡುತ್ತಾನೆ.

ಬಿಡುಗಡೆಯ ದಿನ ನನ್ನ ಗಂಡ ಶೇಖರ ಹೋಗಿ ಅವನನ್ನು ಕರೆತಂದರು. ಅವನ ಕೈಯಲ್ಲಿ ಇದ್ದದ್ದು ಒಂದು ಬಟ್ಟೆ ಚೀಲ. ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ ಇಲ್ಲದೆ ಗಲ್ಫ್‌ನಿಂದ ಯಾರಾದರೂ ಬಂದದ್ದುಂಟೇ? ನಾನು ಮೊದಲೇ ಒಂದು ದೊಡ್ಡ ಪೆಟ್ಟಿಗೆಗೆ ನನ್ನ ಹಳೆಯ ಸೀರೆ ತುಂಬಿಸಿ, ಹಗ್ಗ ಬಿಗಿಸಿ, ದಪ್ಪ ಅಕ್ಷರದಲ್ಲಿ ಹೆಸರು ಬರೆದು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಇರಿಸಿದ್ದೆ. ನನ್ನ ಗಂಡ ಅದನ್ನು ಹೊತ್ತುಕೊಂಡು, ನನ್ನನ್ನು ಬೈದುಕೊಂಡು ಬಂದರು.

ಸೀನ ಹೊಸ್ತಿಲು ದಾಟಿದ್ದನಷ್ಟೆ, ಶಿವಕುಮಾರಿ ಹಾಜರ್. ಗಲ್ಫ್‌ನಿಂದ ಬಂದವನಿಗೆ ನೀರು ಕೊಡುವ ಮೊದಲು ಕೇಳುವ ಪ್ರಶ್ನೆಯೊಂದಿದೆ. ಅದನ್ನೇ ಕೇಳಿದಳು.

"ರಜೆ ಎಷ್ಟು ಸೀನಣ್ಣ?"

ಅವನು ಪೆಚ್ಚಾಗಿ ನನ್ನ ಮುಖ ನೋಡಿದ. "ಎರಡು ತಿಂಗಳು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ವರ್ಷ ಕಾದು ಮನೆಗೆ ಬಂದವನನ್ನು ಬಂದ ಗಳಿಗೆಯಲ್ಲೇ ಮತ್ತೆ ಹೊರಗೆ ಕಳಿಸುವ ಏರ್ಪಾಡು ಮಾಡಿದೆ.

ಅವನ ಮಗಳು ಯಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು "ಹಲೋ" ಎಂದಳು. ಅವಳಿಗೆ ಈಗ ಹದಿನಾರು, ಕಾಲೇಜು. ಅವಳಿಗೆ ಜೈಲಿನ ವಿಷಯ ಗೊತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ನೋಡಲು ಕರೆದುಕೊಂಡು ಹೋಗಿದ್ದೆ, ಜಾಲರಿಯ ಆಚೆ ತಂದೆಯನ್ನು ನೋಡಿದವಳು ಮತ್ತೆ ಬರುವುದಿಲ್ಲ ಎಂದಳು. ಮನೆಯಲ್ಲಿ ಅವನ ಮಾತು ಬಂದರೆ "ಅವರು" ಎನ್ನುತ್ತಿದ್ದಳು, ಬಿಲ್ಡಿಂಗಿನ ವಾಚ್‌ಮ್ಯಾನ್ ವಿಷಯ ಹೇಳುವಂತೆ. ಅವಳು ಕಾಲೇಜಿಗೆ ಹೋದ ಮೇಲೆ ಸೀನ ನನ್ನ ಹತ್ತಿರ ಹೇಳಿದ:

"ಅಕ್ಕ, ನನಗೆ ಮತ್ತೆ ಎಂಥದ್ದೂ ಬೇಡ. ಅವಳು ಒಂದು ಸಲ ಅಪ್ಪ ಅಂತ ಕರೆದ್ರೆ ಸಾಕು."

ನನಗೆ ಅಳು ಬಂತು. ಅಳು ಬಂದರೆ ನನಗೆ ಕೋಪ ಬರುತ್ತದೆ. "ಕರಿತಾಳೆ ಹೋಗು, ಮೊದಲು ಸ್ನಾನ ಮಾಡು" ಎಂದು ಗದರಿಸಿದೆ.

ಸ್ನಾನಕ್ಕೆ ಹೋದವನು ಬಚ್ಚಲಿನ ಬಾಗಿಲ ಮುಂದೆ ನಿಂತೇ ಇದ್ದ. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ದೂಡಿದರೆ ತೆರೆಯುತ್ತದೆ. ಆದರೆ ಆರು ವರ್ಷ ಅವನಿಗೆ ಬಾಗಿಲು ತೆರೆದವರು ಬೇರೆಯವರು, ತಾನೇ ತೆರೆಯಬಹುದು ಎಂಬುದು ಅವನ ಕೈಗೆ ಮರೆತುಹೋಗಿತ್ತು. ಊಟಕ್ಕೆ ಕೂತರೆ ಎಡಗೈಯಿಂದ ತಟ್ಟೆಗೆ ಬೇಲಿ ಹಾಕಿ ನಾಲ್ಕು ಗುಕ್ಕಿಗೆ ಮುಗಿಸಿ, ತಟ್ಟೆ ತೊಳೆದು, ಅದನ್ನು ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ಮನೆಯ ಕಂಬಳಿಗಳನ್ನೆಲ್ಲ ಮಡಿಸಿಡುವುದು ಅವನ ಅಭ್ಯಾಸ. ನನ್ನ ಗಂಡ ಹೊದ್ದು ಮಲಗಿರುವಾಗಲೇ ಅವರದ್ದನ್ನೂ ಎಳೆದು ಮಡಿಸಿಟ್ಟ. "ನಿನ್ನ ತಮ್ಮನಿಗೆ ಹೇಳು, ನನಗೆ ಇನ್ನೂ ಶಿಕ್ಷೆ ಆಗಿಲ್ಲ" ಎಂದರು ಅವರು, ಚಳಿಯಲ್ಲಿ ಮುದುಡಿಕೊಂಡು.

ಅಡುಗೆಯ ಕಥೆ ಬೇರೆ. ಜೈಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವನಿಗೆ ನಾಲ್ಕು ಜನರ ಅಳತೆಯೇ ತಪ್ಪಿತ್ತು. "ಸಜ್ಜಿಗೆ ಮಾಡ್ತೇನೆ ಅಕ್ಕ" ಎಂದು ಉಪ್ಪಿಟ್ಟಿಗೆ ಕೂತರೆ ಡಬ್ಬದಲ್ಲಿದ್ದ ರವೆಯೆಲ್ಲ ಖಾಲಿ. ಮಧ್ಯಾಹ್ನ ಅದೇ, ಸಂಜೆ ಅದೇ, ಮರುದಿನ ಅದನ್ನೇ ಉಂಡೆ ಕಟ್ಟಿ ಕರಿದದ್ದು. ನನ್ನ ಗಂಡ ಹೊರಗೆ ವಡಾಪಾವ್ ತಿಂದು ಬರತೊಡಗಿದರು.

ಇದೆಲ್ಲ ನಾಲ್ಕು ಗೋಡೆಯ ಒಳಗಿನದ್ದು, ಮುಚ್ಚಿಟ್ಟೆ. ಸೀಟಿಯನ್ನು ಮುಚ್ಚಿಡುವುದು ಹೇಗೆ? ನಮ್ಮ ಗಲ್ಲಿಗೆ ಬೆಳಗ್ಗೆ ಕಚ್ರಾ ಗಾಡಿ ಬರುತ್ತದೆ, ಅದರವನು ಕಿವಿ ಕಿತ್ತುಹೋಗುವಂತೆ ಸೀಟಿ ಊದುತ್ತಾನೆ. ಜೈಲಿನಲ್ಲಿ ಸೀಟಿ ಊದಿದರೆ ಕೈದಿಗಳೆಲ್ಲ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಬೇಕಂತೆ, ತಲೆ ಎಣಿಸುತ್ತಾರಂತೆ. ಮೊದಲನೆಯ ದಿನ ಸೀನ ಕಸದ ಬಕೆಟ್ ಹಿಡಿದು ಹೊರಗೆ ನಿಂತಿದ್ದ. ಸೀಟಿ ಊದಿತು. ಬಕೆಟ್ ಕೆಳಗಿಟ್ಟು, ಎಲ್ಲರ ಎದುರು, ಕುಕ್ಕರಗಾಲಿನಲ್ಲಿ ಕೂತು ತಲೆ ತಗ್ಗಿಸಿದ.

ಚಾಳಿನ ಹೆಂಗಸರೆಲ್ಲ ನೋಡುತ್ತಿದ್ದರು.

"ಎಂಥ ಆಯ್ತು ಸೀನಣ್ಣನಿಗೆ?" ಎಂದಳು ಶಿವಕುಮಾರಿ.

"ವ್ಯಾಯಾಮ!" ಎಂದೆ. "ಸೊಂಟ ನೋವಿಗೆ ಮಸ್ಕತ್‌ನ ಡಾಕ್ಟರ್ ಹೇಳಿಕೊಟ್ಟದ್ದು. ದಿನಾ ಬೆಳಗ್ಗೆ ಕೂರ್ಲಿಕ್ಕೆ ಉಂಟು."

ಮರುದಿನ ಸೀಟಿ ಊದಿದಾಗ ಸೀನ ಕೂತ. ಅವನ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಶಿವಕುಮಾರಿಯೂ ಕೂತಳು. "ನನಗೂ ಸೊಂಟ ನೋವು ವಿನೋದಕ್ಕ." ನಾಲ್ಕು ದಿನ ಕಳೆಯುವಾಗ ಎದುರು ಮನೆಯ ದೌಲತಬಿಯೂ ಸೇರಿದಳು. ವಿಜಯಪುರ ಕಡೆಯ ಹೆಂಗಸು, ಗಂಡ ನಬೀಸಾಬನದು ಇಸ್ತ್ರಿ ಅಂಗಡಿ. "ಎವ್ವಾ, ಎರಡು ದಿನಕ್ಕ ಮಂಡಿ ಸಡಿಲಾತು ನೋಡ್ರಿ" ಎಂದಳು. ನೋಡನೋಡುತ್ತ ಸೀಟಿ ಊದಿದರೆ ಅರ್ಧ ಚಾಳು ಕುಕ್ಕರಗಾಲಿನಲ್ಲಿ. ಕಚ್ರಾ ಗಾಡಿಯವನು ಹೆದರಿ, ಇಲ್ಲಿ ಏನು ನಡೆಯುತ್ತಿದೆ ಎಂದು ನನ್ನ ಗಂಡನನ್ನು ಮರಾಠಿಯಲ್ಲಿ ವಿಚಾರಿಸಿದನಂತೆ. ನಾನು ಒಳಗೊಳಗೇ ಬೀಗಿದೆ. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಚೆನ್ನಾಗಿ ನಂಬಿಸಿದವರು ಮುಂಬಯಿಯಲ್ಲಿ ಬೇರೆ ಯಾರಿದ್ದಾರೆ?

ಯಕ್ಷಿತಾ ಮಾತ್ರ ಬಿಗಿದ ಮುಖ ಸಡಿಲಿಸಲಿಲ್ಲ. ಆದರೆ ಒಂದು ದಿನ ನಾನು ನೋಡಿದೆ, ಕಾಲೇಜಿಗೆ ಹೊರಟವಳು ತಿರುಗಿ ಬಂದು ತನ್ನ ಹಳೆಯ ಚಪ್ಪಲಿಯೊಂದನ್ನು ಬಚ್ಚಲಿನ ಬಾಗಿಲ ಸಂದಿಗೆ ಸಿಕ್ಕಿಸಿದಳು, ಬಾಗಿಲು ಮುಚ್ಚದ ಹಾಗೆ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ, "ಕ್ಯಾ? ಅವರು ನಿಂತ್ಕೊಂಡೇ ಇರ್ತಾರೆ, ಟೈಮ್ ವೇಸ್ಟ್" ಎಂದು ಓಡಿದಳು. ಅವತ್ತಿನಿಂದ ಆ ಚಪ್ಪಲಿ ಅಲ್ಲೇ ಇತ್ತು.

ಎರಡು ತಿಂಗಳು ಬಂದೇಬಿಟ್ಟಿತು. ಗಲ್ಫ್‌ನವನು ರಜೆ ಮುಗಿದರೂ ಹೋಗದಿದ್ದರೆ ಜನ ಏನೆನ್ನುತ್ತಾರೆ? ಓಡಿಸಿದರು ಎನ್ನುತ್ತಾರೆ, ಕದ್ದಿರಬೇಕು ಎನ್ನುತ್ತಾರೆ, ಅಗೆದು ಅಗೆದು ಕೊನೆಗೆ ಠಾಣೆ ಜೈಲಿಗೇ ಮುಟ್ಟುತ್ತಾರೆ. ನನ್ನ ಗಂಡನ ಗುರುತಿನವರದ್ದೊಂದು ಹೋಟೆಲ್ ಮುಂಬಯಿಯ ಇನ್ನೊಂದು ತುದಿಯ ಮುಲುಂಡಿನಲ್ಲಿತ್ತು. ಅಡುಗೆ ಕೆಲಸ, ಅಲ್ಲೇ ಮೇಲೆ ಮಲಗುವ ಜಾಗ. ಜೋಗೇಶ್ವರಿಯಿಂದ ಬಸ್ಸು ಹತ್ತಿದರೆ ಮಸ್ಕತ್! ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿನ ತನಕ ಹೋಗುವುದು, ಅಲ್ಲಿಂದ ಮುಲುಂಡ್ ಬಸ್ಸು. ಮುಂದಿನ ರಜೆಯ ತನಕ ಈ ಕಡೆ ತಲೆ ಹಾಕುವಂತಿಲ್ಲ.

"ಆಯ್ತು ಅಕ್ಕ" ಎಂದ ಸೀನ. ಏನು ಹೇಳಿದರೂ ಆಯ್ತು ಎನ್ನುವುದನ್ನು ಅಲ್ಲಿ ಕಲಿತುಬಂದಿದ್ದ. ಆಮೇಲೆ, "ಅವಳು ಇನ್ನೂ ಕರೀಲಿಲ್ಲ ಅಲ್ವಾ" ಎಂದ.

ಅಷ್ಟರಲ್ಲಿ ಪಾರ್ಸೆಲ್ ಶುರುವಾಯಿತು. ಗಲ್ಫಿಗೆ ಹೊರಟವನ ಕೈಯಲ್ಲಿ ಊರವರೆಲ್ಲ ತಮ್ಮವರಿಗೆ ಗಂಟು ಕೊಡುವುದು ನಮ್ಮಲ್ಲಿ ಇದ್ದದ್ದೇ. ಶಿವಕುಮಾರಿ ಮಸ್ಕತ್‌ನಲ್ಲಿರುವ ಮೈದುನ ಅನಿಲನಿಗೆಂದು ಒಂದು ಗಂಟು ತಂದಳು. ದೌಲತಬಿ, "ನನ್ನ ತಂಗಿ ಮಗ ಶಬ್ಬೀರ ಅಲ್ಲೇ ಅದಾನ್ರಿ, ಅವಗ ಇಷ್ಟು ಮುಟ್ಟಸ್ರಿ" ಎಂದು ಇನ್ನೊಂದು. ಹೀಗೆ ಬಂದು ಬಂದು ಮಂಚದಡಿ ತುಂಬಿತು. ಇವನ್ನೆಲ್ಲ ಮಸ್ಕತ್‌ಗೆ ಮುಟ್ಟಿಸುವವರು ಯಾರು? "ನಿನ್ನ ಬಾಯಿ ಮುಟ್ಟಿಸಲಿ" ಎಂದರು ನನ್ನ ಗಂಡ.

ಹೊರಡುವ ದಿನ ಬೆಳಗ್ಗೆ ಸೀನ ಕೊನೆಯದಾಗಿ ಸಜ್ಜಿಗೆ ಮಾಡಿದ. ಕೊಪ್ಪರಿಗೆಯಂಥ ಪಾತ್ರೆ ತುಂಬ. "ಯಾರ ಮದುವೆಗಾ ಇದು?" ಎಂದು ರೇಗಿದೆ. ಗಲ್ಲಿಯ ಬಾಯಲ್ಲಿ ಟ್ಯಾಕ್ಸಿ ನಿಂತಿತು. ಬೀಳ್ಕೊಡಲು ಚಾಳಿಗೆ ಚಾಳೇ ನೆರೆಯಿತು. ಸೀನ ಬಟ್ಟೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತ. ಬಾಗಿಲು ಹಾರುಹೊಡೆದಿತ್ತು, ಆದರೂ ಹೊರಗೆ ಕಾಲಿಡಲಿಲ್ಲ, ಅಪ್ಪಣೆಗೆ ಕಾಯುತ್ತಿದ್ದ.

"ಹೊರಡು ಸೀನ" ಎಂದೆ.

ಅವನು ಕಾಲೆತ್ತಿದ. ಒಳಗಿನಿಂದ ಯಕ್ಷಿತಾ ಬಾಣದಂತೆ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಬಸ್, ಅತ್ತೆ! ಅಪ್ಪ ಕಹೀಂ ನಹೀ ಜಾಯೇಗಾ. ಎಲ್ಲಿಗೂ ಹೋಗುದಿಲ್ಲ."

"ಯಕ್ಷಿ, ಒಳಗೆ ಹೋಗು—"

"ಅಪ್ಪನ ಹತ್ರ ಪಾಸ್‌ಪೋರ್ಟೇ ಇಲ್ಲ!" ಎಂದು ಇಡೀ ಚಾಳಿಗೆ ಕೇಳುವಂತೆ ಕಿರುಚಿದಳು. "ಮಸ್ಕತ್ ವಸ್ಕತ್ ಕುಛ್ ನಹೀ. ಅಪ್ಪ ಜೈಲಲ್ಲಿ ಇದ್ದದ್ದು. ಠಾಣೆಯಲ್ಲಿ. ಈಗ ಮನೆಗೆ ಬಂದಾಯ್ತು. ಜಿಸಕೋ ಜೋ ಬೋಲನಾ ಹೈ, ಬೋಲೋ. ಯಾರು ಎಂಥ ಬೇಕಾದ್ರೂ ಹೇಳ್ಲಿ."

ಆರು ವರ್ಷ ಕಟ್ಟಿದ್ದು ಒಂದು ಗಳಿಗೆಯಲ್ಲಿ ಹೋಯಿತು. ಸೀನನಿಗೆ ಮಾತ್ರ ಜೈಲೂ ಕೇಳಿರಲಿಲ್ಲ, ಠಾಣೆಯೂ ಕೇಳಿರಲಿಲ್ಲ. ಅವನಿಗೆ ಕೇಳಿದ್ದು ಒಂದೇ ಶಬ್ದ. ಚೀಲ ಕೆಳಗಿಟ್ಟು ಮಕ್ಕಳಂತೆ ಅಳತೊಡಗಿದ.

"ಅಬ್ಬ!" ಎಂದಳು ಶಿವಕುಮಾರಿ. "ಅಂತೂ ಈ ಮನೆಯಲ್ಲಿ ಒಬ್ಬರಾದ್ರೂ ಬಾಯಿ ಬಿಟ್ರಲ್ಲ."

"ನಿಮಗೆ ಗೊತ್ತಿತ್ತಾ?" ಎಂದೆ.

"ಆರು ವರ್ಷದಿಂದ. ಪೇಪರಲ್ಲಿ ಫೋಟೋ ಬಂದಿತ್ತಲ್ಲ. ಚಾಳಿಗೆ ಬರುವ ಪೇಪರನ್ನೆಲ್ಲ ಅವತ್ತು ನೀವು ಬೆಳಗ್ಗೆಯೇ ಎತ್ತಿಕೊಂಡು ಹೋದಿರಿ. ನಮ್ಮವರು ಸ್ಟೇಷನ್‌ನಲ್ಲಿ ಓದ್ಕೊಂಡು ಬಂದ್ರು."

"ಮತ್ತೆ ನನ್ನ ಖರ್ಜೂರ?"

"ಒಳ್ಳೆದಿತ್ತು. ಡಬ್ಬದ ಮೇಲೆ ಮರಾಠಿ ಚೀಟಿ ಇತ್ತು, ಕಿತ್ತು ಬಿಸಾಡಿ ತಿಂದೆವು."

ನನ್ನ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಗೊತ್ತಿದ್ದೂ ವರ್ಷಾ ವರ್ಷಾ ನನ್ನ ಖರ್ಜೂರ ತಿಂದಿದ್ದಾರೆ! "ಹಾಗಾದ್ರೆ ಅನಿಲ? ಶಬ್ಬೀರ?" ಎಂದು ಕೂಗಿದೆ.

"ಅನಿಲ ಇರುದು ಮುಲುಂಡಲ್ಲಿ" ಎಂದಳು ಶಿವಕುಮಾರಿ. ನನ್ನ ಗಂಡ ಹಿಂದಿನಿಂದ ಕಿಸಕ್ಕೆಂದರು.

"ಶಬ್ಬೀರ ಊರಾಗ ಎಮ್ಮಿ ಕಾಯ್ತಾನ್ರಿ" ಎಂದಳು ದೌಲತಬಿ. "ಗಂಟು ಬಿಚ್ಚಿ ನೋಡ್ರಿ ವಿನೋದಕ್ಕಾ."

ಬಿಚ್ಚಿದೆ. ಹೊಸ ಲುಂಗಿ, ಬನಿಯನ್ನು, ಮೈ ಒರೆಸುವ ಬೈರಾಸು. ಮಿಡಿ ಉಪ್ಪಿನಕಾಯಿ, ಶೇಂಗಾ ಚಟ್ನಿ, ಕೊಬ್ಬರಿ ಎಣ್ಣೆ. ಒಂದು ದಪ್ಪ ಹೊದಿಕೆ. ಬನಿಯನ್ನು ಸೀನನ ಅಳತೆಯದ್ದೇ.

"ನೀವು ಅವನನ್ನು ಎಲ್ಲಿಗೆ ಕಳಿಸ್ತೀರಿ ಅಂತ ನಮಗೆ ಗೊತ್ತಿರ್ಲಿಲ್ಲ" ಎಂದಳು ಶಿವಕುಮಾರಿ. "ಎಲ್ಲಿಗಾದ್ರೂ ಖಾಲಿ ಕೈಯಲ್ಲಿ ಹೋಗಬಾರದಲ್ಲ. ಬೇಡ ಅಂತ ಹೇಳುವ ಅಂದ್ರೆ ನಿಮ್ಮ ಬಾಯಿಗೆ ಎದುರು ನಿಲ್ಲುವವರು ಯಾರು?"

ನನಗೆ ಆಗ ತಟ್ಟನೆ ನೆನಪಾಯಿತು. "ನಿಮ್ಮ ಸೊಂಟ ನೋವು?"

ಅವಳು ಸೆರಗು ಸರಿಮಾಡಿಕೊಂಡಳು. ಈ ಹೆಂಗಸು ನಾಚಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಅವನೊಬ್ಬನೇ ಕೂತ್ರೆ ಅವನಿಗೆ ನಾಚಿಕೆ ಆಗುದಿಲ್ವಾ ವಿನೋದಕ್ಕ? ನಾಲ್ಕು ಜನ ಕೂತ್ರೆ ಅದು ವ್ಯಾಯಾಮ."

ನಾನು ಜಗಳಗಂಟಿ, ಈ ಹೆಂಗಸಿನೆದುರು ಅತ್ತವಳಲ್ಲ. ಅವತ್ತು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಟ್ಯಾಕ್ಸಿಯವನು ಹಾರ್ನ್ ಹೊಡೆದು ಹೊಡೆದು ಬೈದುಕೊಂಡು ಹೋದ.

"ಅಕ್ಕ, ಸಜ್ಜಿಗೆ ತಣಿತದೆ" ಎಂದ ಸೀನ.

ಅಷ್ಟು ದೊಡ್ಡ ಪಾತ್ರೆಯನ್ನು ನನ್ನ ಗಂಡನೂ ನಬೀಸಾಬನೂ ಹೊತ್ತು ಹೊರಗೆ ತಂದಿಟ್ಟರು. ಸೀನ ಸಟ್ಟುಗ ಹಿಡಿದು ಬಡಿಸಲು ನಿಂತ. ಯಕ್ಷಿತಾ ಪ್ಲೇಟು ಹಂಚಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅವನ ಅಳತೆ ಸರಿಯಾಗಿತ್ತು. ಶಿವಕುಮಾರಿ ಒಂದು ತುತ್ತು ಬಾಯಿಗಿಟ್ಟು "ಉಪ್ಪು ಕಮ್ಮಿ" ಎಂದಳು. ಅವಳು ಮತ್ತೆ ಅವಳಾದದ್ದು ನೋಡಿ ನನಗೆ ಸಮಾಧಾನವಾಯಿತು.

ಆಗ ಕಚ್ರಾ ಗಾಡಿ ಬಂತು. ಸೀಟಿ ಊದಿತು. ಅಭ್ಯಾಸ ನೋಡಿ, ಶಿವಕುಮಾರಿ, ದೌಲತಬಿ, ಸಾಲು ಮನೆಯ ಹೆಂಗಸರು, ಎಲ್ಲರೂ ಪ್ಲೇಟು ಹಿಡಿದುಕೊಂಡೇ ಕುಕ್ಕರಗಾಲಿನಲ್ಲಿ ಕೂತರು. ನಾನೂ ಕೂತೆ. ಸೀನ ಒಬ್ಬನೇ ಸಟ್ಟುಗ ಹಿಡಿದು ನಿಂತಿದ್ದ.

"ಎಂಥ ಆಯ್ತು ನಿಮಗೆಲ್ಲ?" ಎಂದ.

"ಅಪ್ಪ," ಎಂದಳು ಯಕ್ಷಿತಾ ಪ್ಲೇಟು ಮುಂದೆ ಚಾಚಿ, "ಇನ್ನೂ ಸ್ವಲ್ಪ ಹಾಕಿ."