ಕಲ್ಲು ಕಡುಬಿನ ಹಾಡು

ನಮ್ಮ ಮೂಡಿಗೆರೆ ಕಡೆ ರೈಟರ್ ಅಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ನಾನು ಸಿನಿಮಾಕ್ಕೆ ಹಾಡು ಬರೆಯುವವನು ಎಂದರೆ, ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡ್ತೀರಿ ಎಂದು ಕೇಳುತ್ತಾರೆ. ಕಾಫಿ ತೋಟ ಇದೆ ಎಂದ ಮೇಲೆಯೇ ಅವರ ಜೀವಕ್ಕೆ ಸಮಾಧಾನ. ಆ ತೋಟ ನೋಡಿಕೊಳ್ಳುವವಳು ನನ್ನ ಹೆಂಡತಿ ಎಂಬುದನ್ನು ನಾನು ಹೇಳಲು ಹೋಗುವುದಿಲ್ಲ.

ನಮ್ಮ ಕಸುಬಿನಲ್ಲಿ ರಾಗ ಮೊದಲು, ಮಾತು ಆಮೇಲೆ. ಸಂಗೀತ ನಿರ್ದೇಶಕರು ಫೋನಿಗೆ ಟ್ಯೂನ್ ಕಳಿಸುತ್ತಾರೆ. ಅದರ ಅಳತೆ ಹಿಡಿಯಲು ಬಾಯಿಗೆ ಬಂದದ್ದನ್ನು ತುಂಬಿಸಿ ಹಾಡಿ ನೋಡುತ್ತೇವೆ. ಇದಕ್ಕೆ ಡಮ್ಮಿ ಎನ್ನುತ್ತಾರೆ. ಡಮ್ಮಿಗೆ ಅರ್ಥ ಬೇಕಿಲ್ಲ, ಮಾನ ಮರ್ಯಾದೆಯೂ ಬೇಕಿಲ್ಲ. ಅಸಲಿ ಹಾಡು ಬಂದ ಮೇಲೆ ಅದನ್ನು ಎಸೆಯುವುದೇ.

ಆ ದಿನ ಹೆಂಡತಿ ಹರಕೆ ಒಪ್ಪಿಸಲು ಹೊರನಾಡಿಗೆ ಹೋಗಿದ್ದಳು. ನಾನು ಜೀವಮಾನದಲ್ಲೇ ಮೊದಲ ಸಲ ಕಡುಬು ಮಾಡಲು ಹೊರಟೆ. ಕುದಿಯದ ನೀರಿಗೆ ಅಕ್ಕಿ ತರಿ ಸುರಿದೆ. ಅಷ್ಟರಲ್ಲಿ ಟ್ಯೂನ್ ಬಂತೆಂದು ಫೋನ್ ಹಿಡಿದು ಕೂತೆ. ಎದ್ದು ಬರುವಷ್ಟರಲ್ಲಿ ಒಲೆ ಆರಿ ಹಿಟ್ಟು ತಣ್ಣಗಾಗಿತ್ತು. ಹೇಗೋ ಉಂಡೆ ಕಟ್ಟಿ ಬೇಯಿಸಿದೆ. ಕಚ್ಚಿದರೆ ಹಲ್ಲೇ ಅಲ್ಲಾಡಿತು. ಹೊಟ್ಟೆ ಉರಿದು ಅದೇ ಟ್ಯೂನಿಗೆ ಹಾಡಿದೆ: "ಕಡುಬಾ ಇದು, ಕಲ್ಲಾ ಇದು, ಕಚ್ಚಿದರೆ ಹಲ್ಲು ಹೋಯ್ತು." ಅಳತೆ ಸರಿಯಿದೆಯೇ ನೋಡಿ ಎಂದು ಅದನ್ನೇ ಕಳಿಸಿದೆ. ಆಮೇಲೆ ಅಸಲಿ ಹಾಡು ಬರೆದೆ, ಬೆಳದಿಂಗಳ ಮೇಲೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು.

ಸಂಗೀತ ನಿರ್ದೇಶಕರು ಫೋನ್ ಮಾಡಿ, "ಬೆಳದಿಂಗಳು ಬೇಡ ಸರ್, ಕಡುಬೇ ಇರಲಿ" ಎಂದರು.

ಹಾಡು ಊರೆಲ್ಲ ಹಬ್ಬಿತು. ತೆರೆಯ ಮೇಲೆ ನಾಯಕ ಆ ಸಾಲು ಹಾಡುವಾಗ ಬೆರಳು ತೋರಿಸುವುದು ತನ್ನ ಹೆಂಡತಿಯ ಕಡೆಗೆ. ಬರೆದವನು ಯಾರು ಎಂದು ಮೂಡಿಗೆರೆಗೆ ಗೊತ್ತು. ಬರೆದವನ ಮನೆಯಲ್ಲಿ ಕಡುಬು ಮಾಡುವವರು ಯಾರು ಎಂದೂ ಗೊತ್ತು. ಅಲ್ಲಿಯ ತನಕ ನನ್ನ ಹೆಂಡತಿಯ ಕಡುಬಿನ ಬಗ್ಗೆ ಎರಡು ಮಾತಿರಲಿಲ್ಲ. ನೆಂಟರ ಮನೆಯ ಕಾರ್ಯ ಎಂದರೆ ಕಡುಬಿಗೆ ಅವಳನ್ನೇ ಕರೆಯುತ್ತಿದ್ದರು. ಈಗ ಮಿಲ್ಲಿನವನು, ಅಮ್ಮಾ, ತರಿ ಇನ್ನೂ ಸ್ವಲ್ಪ ಸಣ್ಣ ಮಾಡಿ ಕೊಡ್ಲಾ ಎಂದು ಬಹಳ ಮರುಕದಿಂದ ಕೇಳಿದನಂತೆ. ಮನೆಗೆ ಬಂದವಳೇ ಚೀಲ ಕುಕ್ಕಿದಳು.

"ನಿಮ್ಮ ಬೇರೆ ಹಾಡೆಲ್ಲ ವಾರಕ್ಕೆ ಮರ್ತು ಹೋಗುತ್ತೆ. ನನ್ನ ಮರ್ಯಾದೆ ತೆಗೆದಿದ್ದು ಮಾತ್ರ ಸಣ್ಣ ಮಕ್ಕಳಿಗೂ ಬಾಯಿಪಾಠ" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಆ ಕಡುಬು ಮಾಡಿದ್ದು ನಾನು ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಪಾಪ, ಹೆಂಡತಿಯನ್ನು ಬಿಟ್ಟುಕೊಡೋದಿಲ್ಲ ನೋಡಿ ಎಂದು ಎಲ್ಲರೂ ನನ್ನನ್ನೇ ಹೊಗಳಿದರು. ಹೇಳಿದಷ್ಟೂ ನಾನು ದೊಡ್ಡ ಮನುಷ್ಯನಾದೆ, ಅವಳ ಕಡುಬು ಇನ್ನಷ್ಟು ಗಟ್ಟಿಯಾಯಿತು.

ಕಳಸದಲ್ಲಿ ಅವಳ ಅಣ್ಣನ ಮಗಳ ನಿಶ್ಚಿತಾರ್ಥ ಬಂತು. ಈ ಸಲ ಕಡುಬಿಗೆ ಅಡುಗೆಯವರನ್ನು ಕರೆಸಿದ್ದರು. ನನ್ನ ಹೆಂಡತಿಗೆ ವೀಳ್ಯದೆಲೆ ಒರೆಸುವ ಕೆಲಸ. ಅವಳು ಎಲೆ ಪಕ್ಕಕ್ಕಿಟ್ಟು, ನೆಂಟರನ್ನೆಲ್ಲ ಹಿತ್ತಿಲ ಒಲೆಯ ಹತ್ತಿರ ಸೇರಿಸಿ, ನನ್ನ ಕೈಗೆ ಸೌಟು ಕೊಟ್ಟಳು.

"ಅವತ್ತು ಮಾಡಿದ ಹಾಗೇ ಮಾಡಿ. ಎಲ್ರೂ ನೋಡ್ಲಿ."

ನಾನು ಪ್ರಾಮಾಣಿಕವಾಗಿ ಕೆಡಿಸಲು ಶುರು ಮಾಡಿದೆ. ಆದರೆ ನಮ್ಮ ಕಡೆಯ ಹೆಂಗಸರ ಎದುರು ಕಡುಬು ಕೆಡಿಸುವುದು ಸಾಮಾನ್ಯ ಕೆಲಸವಲ್ಲ. ನೀರು ಕುದಿಯುವ ಮೊದಲೇ ತರಿ ಹಾಕಲು ಹೋದರೆ ಒಬ್ಬ ಚಿಕ್ಕಮ್ಮ ಕೈ ಹಿಡಿದರು. ಫೋನ್ ಹಿಡಿದು ಕೂರಲು ಹೋದರೆ ಇನ್ನೊಬ್ಬರು ಅದನ್ನೇ ಕಿತ್ತುಕೊಂಡರು. ಯಾರೋ ಉರಿ ತಗ್ಗಿಸಿದರು. ಬಿಸಿ ಇದ್ದಾಗಲೇ ನಾದಿ ಮಾರಾಯ್ರೆ ಎಂದು ಯಾರೋ ಬೈದರು. ಬಿಡಿ ಅವರನ್ನ, ಅವರ ಪಾಡಿಗೆ ಕೆಡಿಸ್ಲಿ ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತಿದ್ದ ಹೆಂಡತಿ, ಕೊನೆಗೆ ತಡೆಯಲಾರದೆ ತಾನೇ ಬಂದು ಉಪ್ಪು ಹಾಕಿದಳು.

ಮುಚ್ಚಳ ತೆಗೆದರೆ ಕಡುಬು ಹೂವಿನಷ್ಟು ಮೆತ್ತಗಿತ್ತು. ಹೆಂಡತಿಯ ಅಣ್ಣ ತುಪ್ಪ ಹಾಕಿಕೊಂಡು ತಿಂದು, ನನ್ನ ಬೆನ್ನು ತಟ್ಟಿದರು. "ಇಷ್ಟು ಚೆನ್ನಾಗಿ ಮಾಡೋರು ಕಲ್ಲು ಕಡುಬು ಮಾಡಿದ್ರು ಅಂದ್ರೆ ಯಾರು ನಂಬ್ತಾರೆ ಭಾವ? ನಿಮ್ಮದು ದೊಡ್ಡ ಮನಸ್ಸು ಬಿಡಿ."

ಅಂದು ರಾತ್ರಿಯೇ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಹೆಂಡತಿ ನನ್ನೊಬ್ಬನನ್ನೇ ಅಡುಗೆಮನೆಗೆ ಕಳಿಸಿ, ತಾನು ಕಾಫಿ ಒಣಗಿಸುವ ಕಣದಲ್ಲಿ ಹೋಗಿ ಕೂತಳು. ಯಾರೂ ಬಾಯಿ ಹಾಕಲಿಲ್ಲ, ಯಾರೂ ಕೈ ಹಾಕಲಿಲ್ಲ. ಕಡುಬು ಕಲ್ಲಾಯಿತು. ಅಷ್ಟು ಸಂತೋಷ ನನಗೆ ಯಾವ ಹಾಡು ಗೆದ್ದಾಗಲೂ ಆಗಿರಲಿಲ್ಲ. ಅವಳು ಓಡಿ ಬಂದು, ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಸ್ಟೀಲ್ ತಟ್ಟೆಗೆ ಕಡುಬನ್ನು ಟಕ್ ಟಕ್ ಎಂದು ಕುಟ್ಟಿ ತೋರಿಸಿದಳು.

"ಕೇಳಿಸ್ತಾ ಅಣ್ಣಾ?"

ಅಣ್ಣ ಫೋನಿನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದರು.

"ಕೇಳಿಸ್ತು ತಂಗಿ. ಬೇಜಾರು ಮಾಡ್ಕೋಬೇಡ. ಭಾವನ ಹತ್ರ ನಿಧಾನಕ್ಕೆ ಕಲ್ತ್ಕೋ."