ಇನ್ನೆರಡು ದಿನ ದ್ವೀಪದಲ್ಲಿ

ಅಂಡಮಾನಿಗೆ ಹೋಗುವ ಮಾತೆತ್ತಿದ್ದು ನಾನಲ್ಲ. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನಕ್ಕೆ ಮುದ್ದೆ ಊಟ. ಗಲ್ಲಾಪೆಟ್ಟಿಗೆ ಗಂಡನದು, ಒಲೆ ನನ್ನದು. ಮದುವೆಯಾಗಿ ಬಂದ ಲಾಗಾಯ್ತು ಆ ಒಲೆಯ ಮುಂದೆ ನಿಂತವಳು, ಕೂತಿದ್ದು ಕಡಿಮೆ. ಮಂಡಿ ಊದಿಕೊಂಡಾಗ ಎಣ್ಣೆ ಸವರಿಕೊಂಡು ಮತ್ತೆ ನಿಲ್ಲುತ್ತಿದ್ದೆ.

ಎದುರಿಗೆ ಬಳೆ ಅಂಗಡಿ ಇಟ್ಟಿರುವವಳು ನನ್ನ ಹೈಸ್ಕೂಲಿನ ಗೆಳತಿ. ನಮ್ಮ ಜೊತೆ ಓದಿದ ಇನ್ನೊಬ್ಬಳನ್ನು ಚಿನಕುರಳಿಗೆ ಕೊಟ್ಟಿದ್ದಾರೆ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಸಮುದ್ರ ನೋಡಬೇಕೆಂಬ ಆಸೆ ಹತ್ತಿದ್ದು ಅವಳಿಗೆ. ಬಳೆ ಅಂಗಡಿಯವಳು ಟಿಕೆಟ್ಟು ಮಾಡಿಸಿಯೇಬಿಟ್ಟಳು. ಬೇಡವೆಂದು ವಾದ ಮಾಡಲೂ ನನಗೆ ಶಕ್ತಿ ಇರಲಿಲ್ಲ, ಹೊರಟೆ.

ಅಲ್ಲಿ ಹೋದ ಮೇಲೂ ನಾನು ಅರ್ಧ ನಿದ್ದೆಯಲ್ಲೇ ಇದ್ದೆ. ಹಡಗಿನಲ್ಲಿ ನಿದ್ದೆ, ವ್ಯಾನಿನಲ್ಲಿ ನಿದ್ದೆ. ಒಂದು ದ್ವೀಪದಲ್ಲಿ ಜಿಂಕೆಗಳು ಕೈಯಿಂದಲೇ ಎಲೆ ತಿಂದವಂತೆ. ನಾನು ಆಗ ದೋಣಿ ಕಟ್ಟೆಯ ಹತ್ತಿರದ ಬೆಂಚಿನಲ್ಲಿ ಒರಗಿದ್ದೆ. ಕೊನೆಗೆ ಉಳಿದುಕೊಂಡಿದ್ದು ತೀರ ಚಿಕ್ಕದೊಂದು ದ್ವೀಪದಲ್ಲಿ. ಅಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕರೆದುಕೊಂಡು ಹೋಗಿ ಕಡಲಾಮೆ ತೋರಿಸುತ್ತಾರೆ. ನಾವು ಹೋದ ದಿನ ಗಾಳಿ ಜೋರಾಗಿ ದೋಣಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬ್ಯಾಗು ಕಟ್ಟಿ ಕೂತಿದ್ದೆ. ಚಿನಕುರಳಿಯವಳು ಮಾತ್ರ ಸೀರೆ ಮಡಿಚದೆ ಬಾಗಿಲಲ್ಲಿ ನಿಂತಿದ್ದಳು.

"ನಾನು ಬರಾಕಿಲ್ಲ ಕಣಮ್ಮಿ. ಆಮೆ ನೋಡ್ದೆ ಹೋದ್ರೆ ಇನ್ಯಾವತ್ತು ಬಂದೇವು? ಇನ್ನೆರಡು ದಿನ ಇದ್ಬುಟ್ಟು ಹೋಗವ."

"ನಿನ್ನ ಹಸ ಯಾರು ನೋಡ್ಕತಾರೆ?" ಎಂದೆ.

"ನನ್ನ ಸೊಸೆ ಕರೀತಾಳೆ ಬುಡು. ಕೈಯಿಲ್ವಾ ಅವಳ್ಗೆ?"

ಬಳೆ ಅಂಗಡಿಯವಳು ಆಗಲೇ ಫೋನು ಹಿಡಿದು ವಿಮಾನದ ಟಿಕೆಟ್ಟು ಮುಂದಕ್ಕೆ ಹಾಕಿಸಲು ಹಿಂದಿಯಲ್ಲಿ ಯಾರ ಹತ್ತಿರವೋ ಮಾತಾಡುತ್ತಿದ್ದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಹೋಟೆಲಿನಲ್ಲಿ ಏನಾಗಿದೆಯೋ, ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಗಂಡನಿಗೆ ಫೋನು ಮಾಡಿದೆ. ಅವರು ಬೇಡವೆಂದರೆ ಅದನ್ನೇ ಹೇಳಿ ಹೊರಡಿಸಬಹುದು ಅಂದುಕೊಂಡಿದ್ದೆ.

"ಇದ್ಬುಟ್ಟು ಬಾ, ಅದಕ್ಕೇನಂತೆ," ಅಂದರು. "ಕಿರಂಗೂರಿಂದ ಒಬ್ಬಮ್ಮನ್ನ ಕರ್ಕಂಡಿವ್ನಿ. ಚೆನ್ನಾಗಿ ಮಾಡ್ತಾಳೆ."

"ಗಿರಾಕಿಗಳು ಏನಂತಾರೆ?"

"ಏನಂದಾರು? ತಿಂತಾರೆ, ಹೋಗ್ತಾರೆ."

ಫೋನಿಟ್ಟು ಮಂಚದ ಮೇಲೆ ಕೂತೆ. ನಾನಿಲ್ಲದಿದ್ದರೆ ಹೋಟೆಲು ನಿಂತುಹೋಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದು. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕೂತಲ್ಲೇ ಗೋಡೆಗೆ ಒರಗಿಕೊಂಡೆ. ಬ್ಯಾಗು ಬಿಚ್ಚುವ ಕೆಲಸವನ್ನೂ ಬಳೆ ಅಂಗಡಿಯವಳೇ ಮಾಡಿದಳು.

ಆ ಹಗಲೆಲ್ಲ ದಂಡೆಯ ಮರದ ಕೆಳಗೆ ಟವಲು ಹಾಸಿಕೊಂಡು ಮಲಗಿದೆ. ನಿದ್ದೆ ಎಂದರೆ ಅಂಥ ನಿದ್ದೆ, ಬಾಣಂತನದಲ್ಲೂ ಮಾಡಿರಲಿಲ್ಲ. ನಡುವೆ ಎಚ್ಚರವಾದಾಗ ಗೆಳತಿಯರಿಬ್ಬರೂ ಮಂಡಿವರೆಗೆ ನೀರಿನಲ್ಲಿ ನಿಂತು ಕೈಕೈ ಹಿಡಿದುಕೊಂಡು ಕಿರುಚುತ್ತಿದ್ದರು. ಕಾಲ ಬಳಿ ಶಂಖ ಹೊತ್ತ ಸಣ್ಣ ಏಡಿಯೊಂದು ನನ್ನ ಚಪ್ಪಲಿ ಹತ್ತಲು ಒದ್ದಾಡುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಮತ್ತೆ ಕಣ್ಣು ಮುಚ್ಚಿದೆ.

ಸಂಜೆ ನೀರು ಹಿಂದೆ ಸರಿದಾಗ ಇಬ್ಬರೂ ನನ್ನನ್ನು ಎಬ್ಬಿಸಿ ಹವಳದ ಬಂಡೆಗಳ ನಡುವೆ ಕರೆದುಕೊಂಡು ಹೋದರು. ಗುಂಡಿಗಳಲ್ಲಿ ನಿಂತ ನೀರಿನಲ್ಲಿ ನೀಲಿ ಮೀನು, ಕರಿ ಸೌತೆಕಾಯಿಯಂತೆ ಬಿದ್ದುಕೊಂಡ ಯಾವುದೋ ಜೀವಿ. ಬಳೆ ಅಂಗಡಿಯವಳು ಒಂದೊಂದಕ್ಕೂ "ಯಾ ಅಲ್ಲಾ" ಅನ್ನುತ್ತಿದ್ದಳು. ನಾನು ನೋಡಿದೆ, ತಲೆಯಾಡಿಸಿದೆ. ಚೆಂದವೇ ಇತ್ತು. ಆದರೆ ಚೆಂದವೆಂದು ಕುಣಿಯಲು ಬೇಕಾದ್ದು ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಗಾಳಿ ತಗ್ಗಿತ್ತು, ದೋಣಿ ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ದೋಣಿಯವನು ಇಂಜಿನ್ನು ನಿಲ್ಲಿಸಿ ಕೆಳಗೆ ಬೆರಳು ತೋರಿಸಿದ. ಗಾಜಿನಡಿ ಉದ್ದನೆಯ ಹುಲ್ಲು ಬಳುಕುತ್ತಿತ್ತು. ಅದರ ನಡುವೆ ಮೊರದಗಲದ ಆಮೆ, ತಲೆ ತಗ್ಗಿಸಿ ಹುಲ್ಲನ್ನು ಕಿತ್ತು ಕಿತ್ತು ತಿನ್ನುತ್ತಿತ್ತು.

"ಮೇಯ್ತಾ ಅದೆ ನೋಡ್ರಮ್ಮಿ!" ಎಂದು ಚಿನಕುರಳಿಯವಳು ಗಾಜಿಗೆ ಮುಖ ಒತ್ತಿದಳು. "ಎಂಗೆ ಮೇಯ್ತದೆ, ಥೇಟು ದನದಂಗೆ! ಮೇಯಿ ಮಗ, ಮೇಯಿ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬಳೆ ಅಂಗಡಿಯವಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಆಮೆ ಒಮ್ಮೆ ಉಸಿರಿಗೆಂದು ಮೇಲೆ ಬಂದು, ನಮ್ಮತ್ತ ಲಕ್ಷ್ಯವೂ ಕೊಡದೆ, ಮತ್ತೆ ಕೆಳಗಿಳಿದು ಬಾಯಿ ಹಾಕಿತು. ಆ ಹೊತ್ತಿನಲ್ಲಿ ನಾನು ಹೋಟೆಲನ್ನು ನೆನೆಯಲಿಲ್ಲ ಎನ್ನುವುದು ದಂಡೆಗೆ ಬಂದ ಮೇಲೆ ಗೊತ್ತಾಯಿತು.

ಊರಿಗೆ ಬಂದು ಗಂಡನಿಗೆ ಹೇಳಿದೆ: "ಬೆಳಿಗ್ಗೆ ಹೊತ್ತು ಆ ಕಿರಂಗೂರಮ್ಮನೇ ಇರ್ಲಿ. ನಾನು ಮಧ್ಯಾಹ್ನದ ಊಟಕ್ಕೆ ಬತ್ತೀನಿ."

"ಸರಿ ಬುಡು," ಅಂದರು. ಜಗಳವಾದೀತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅವೆಲ್ಲ ಬಾಯಲ್ಲೇ ಉಳಿದವು.

ದಣಿವು ಇನ್ನೂ ಹೋಗಿಲ್ಲ. ಅಷ್ಟು ವರ್ಷದ್ದು, ಎರಡು ದಿನಕ್ಕೆ ಹೋಗುವುದೂ ಇಲ್ಲ. ಆದರೆ ಈಗ ಬಿಸಿಲೇರುವವರೆಗೂ ಮಲಗಿರುತ್ತೇನೆ. ಬೀದಿಯಲ್ಲಿ ಬಸ್ಸು ಹಾರನ್ ಹೊಡೆದರೂ ಮಗ್ಗುಲು ಬದಲಿಸಿ ಮುಸುಕು ಎಳೆದುಕೊಳ್ಳುತ್ತೇನೆ.